ಭಾನುಮತಿಯವರ ಮೂರನೆಯ ಬೇಡ

‘ಬೇಡ’ ಎಂದ ಕೂಡಲೇ ಸೌಟು ಹಿಂದಕ್ಕೆ ತೆಗೆದವರನ್ನು ಮೈಸೂರಿನಲ್ಲಿ ಯಾರೂ ಒಳ್ಳೆಯವರು ಎನ್ನುವುದಿಲ್ಲ. ಮೊದಲ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಕೇಳುವ ಹೊತ್ತಿಗೆ ಎಲೆಗೆ ಅಡ್ಡ ಹಿಡಿದ ಕೈ ತಾನಾಗಿ ಸರಿಯುತ್ತದೆ. ಭಾನುಮತಿಯವರು ಹೀಗೇ ಬದುಕಿ ಅರವತ್ತರ ಹತ್ತಿರ ಬಂದವರು. ಅವರ ಬೇಡವನ್ನು ಅತ್ತೆ ನಂಬಲಿಲ್ಲ, ಗಂಡ ನಂಬಲಿಲ್ಲ, ಮಗ ಪ್ರಮೋದನಂತೂ ಕಿವಿಗೇ ಹಾಕಿಕೊಳ್ಳಲಿಲ್ಲ.

ಗಂಡ ತೀರಿಕೊಂಡ ಮೇಲೆ ಮಗನ ಬಳಿ ಆಕ್ಲೆಂಡಿಗೆ ಬಂದು, ಪಾಪಟೋಟೊಯಿಯ ಒಂದು ವೃದ್ಧಾಶ್ರಮದ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದರು. ಮೊದಲ ವಾರವೇ ಪೇಚಿಗೆ ಸಿಕ್ಕಿಕೊಂಡರು. ಜೊತೆಯಲ್ಲಿ ಕೆಲಸ ಮಾಡುವ ಸಮೋವಾದ ಸೀನಾ, ತಾನೇ ಮಾಡಿದ ಅನಾನಸ್ ಪೈ ತಂದು ಮುಂದೆ ಹಿಡಿದಳು. ಬಾಯಲ್ಲಿ ನೀರೂರುತ್ತಿದ್ದರೂ ಇವರು, “ನೋ ನೋ, ಥ್ಯಾಂಕ್ಯೂ” ಎಂದರು. ಸೀನಾ “ಓಕೆ ಡಾರ್ಲಿಂಗ್” ಎಂದವಳೇ ಡಬ್ಬಿ ಮುಚ್ಚಿಬಿಟ್ಟಳು! ಭಾನುಮತಿ ಮಧ್ಯಾಹ್ನದವರೆಗೂ ಆ ಡಬ್ಬಿಯನ್ನೇ ನೋಡುತ್ತಾ ಪಾತ್ರೆ ತೊಳೆದರು.

“ಎಂಥಾ ಜನವಪ್ಪಾ! ಇನ್ನೊಂದ್ಸಲ ಕೇಳ್ಬೇಕು ಅನ್ನೋದೂ ಗೊತ್ತಿಲ್ಲ,” ಎಂದು ಸಂಜೆ ಮಗನ ಮುಂದೆ ಮುಖ ಊದಿಸಿಕೊಂಡರು. ಅವನು ಬಿದ್ದು ಬಿದ್ದು ನಕ್ಕ.

ಆದರೆ ಬೇಡವೆಂದರೆ ಬೇಡವೆಂದೇ ತಿಳಿಯುವ ಈ ರೀತಿಯ ರುಚಿ ಬರಬರುತ್ತಾ ಹತ್ತಿತು. ಭಾನುವಾರವೂ ಬರ್ತೀರಾ ಎಂದು ಮ್ಯಾನೇಜರ್ ಕೇಳಿದಾಗ ಇವರು ಇಲ್ಲವೆಂದರೆ, ಆಕೆ ತಲೆಯಾಡಿಸಿ ಬೇರೆಯವರನ್ನು ಹುಡುಕಿಕೊಂಡು ಹೋದಳು. ಕಾರಣ ಕೇಳಲಿಲ್ಲ, ಮುನಿಸಿಕೊಳ್ಳಲೂ ಇಲ್ಲ. ತನ್ನ ಒಂದು ಮಾತಿಗೆ ಇಷ್ಟು ಬೆಲೆಯೇ ಎಂದು ಭಾನುಮತಿಯವರಿಗೆ ನಿಜಕ್ಕೂ ಖುಷಿಯಾಯಿತು. ಪೈ ಬಂದಾಗ ಮಾತ್ರ ಈಗ ಮೊದಲ ಸಲಕ್ಕೇ ‘ಯೆಸ್’.

ಎರಡು ಸಾವಿರದ ಹದಿನಾರರಲ್ಲಿ ಪ್ರಮೋದ ತಕಾನಿನಿಯ ಹೊಸ ಬಡಾವಣೆಯಲ್ಲಿ ಮನೆ ಕೊಂಡ. ಬೀಗದ ಕೈ ಸಿಕ್ಕ ದಿನ ಅಮ್ಮನನ್ನು ಕರೆದೊಯ್ದು ಕೆಳಗಿನ ಕೋಣೆ ತೋರಿಸಿದ.

“ಅಮ್ಮಾ, ಇದು ನಿಂದು. ಇನ್ನು ದುಡಿದಿದ್ದು ಸಾಕು, ಕೆಲಸ ಬಿಟ್ಬಿಡು.”

ಭಾನುಮತಿಯವರಿಗೆ ಕಾರು ಓಡಿಸಲು ಬಾರದು; ಅಂಗಡಿ, ರೈಲು ನಿಲ್ದಾಣ ಎರಡೂ ಇಲ್ಲಿಂದ ದೂರ. ಇಲ್ಲಿಗೆ ಬಂದರೆ ಆಶ್ರಮದ ಅಡುಗೆಮನೆಯೂ ಇಲ್ಲ, ಸೀನಾಳೂ ಇಲ್ಲ. ಒಂದು ಕಟ್ಟು ಸೊಪ್ಪಿಗೂ ಮಗನನ್ನೇ ಕೇಳಬೇಕು. “ಬೇಡ ಕಣೋ,” ಎಂದರು.

“ಸಂಕೋಚ ಯಾಕತ್ತೆ? ಬಾತ್‌ರೂಮ್ ಕೂಡ ಇಲ್ಲೇ ಇದೆ,” ಎಂದಳು ಸೊಸೆ ಯಾಮಿನಿ.

“ಬೇಡಮ್ಮಾ, ನಿಜವಾಗ್ಲೂ.”

“ಶುರುವಾಯ್ತು ಅಮ್ಮಂದು!” ಎಂದು ನಗುತ್ತಾ ಪ್ರಮೋದ ಮಂಚಕ್ಕೆ ಗೋಡೆ ಅಳೆಯತೊಡಗಿದ. ಭಾನುಮತಿಯವರು ಅವನೆದುರು ಹೋಗಿ ನಿಂತರು. ಈಗ ಸುಮ್ಮನಾದರೆ ಒಪ್ಪಿಕೊಂಡಂತೆಯೇ.

“ಪ್ರಮೋದಾ, ಬೇಡ ಅಂದ್ರೆ ಬೇಡ. ಸೀನಾ ಮನೆ ಹಿಂದೆ ಒಂದು ರೂಮಿದೆ. ಅಲ್ಲೇ ಇದ್ಕೊಂಡು ಕೆಲಸಕ್ಕೆ ನಡ್ಕೊಂಡ್ ಹೋಗ್ತೀನಿ. ನನಗೆ ಆ ಕೆಲಸ ಇಷ್ಟ ಕಣೋ.”

ಅಳತೆ ಟೇಪು ಸರ್ರನೆ ಒಳಗೆ ಸರಿಯಿತು. “ನಾವೇನಾದ್ರೂ ತಪ್ಪು ಮಾಡಿದ್ವಾ?” ಎಂದ ಮಗನ ದನಿ ಸಣ್ಣದಾಗಿತ್ತು.

“ಇಲ್ಲಪ್ಪಾ, ಖಂಡಿತ ಇಲ್ಲ,” ಎಂದು ಅವನ ತಲೆ ನೇವರಿಸಿದರು.

ಅವನು ಟೇಪನ್ನು ಜೇಬಿಗೆ ಹಾಕಿಕೊಂಡ. “ಆಯ್ತಮ್ಮಾ. ನಿನ್ನಿಷ್ಟ.”

ಗೆದ್ದದ್ದೇನೋ ಗೆದ್ದರು. ಆದರೆ ಹಾಳು ಮನಸ್ಸು ನೋಡಿ, ಇಷ್ಟು ಬೇಗ ಒಪ್ಪಿಬಿಟ್ಟನೇ, ಇನ್ನೊಂದು ಸಲ ಕೇಳಬಾರದಿತ್ತೇ ಎಂದು ಅವರ ಕಣ್ಣು ತುಂಬಿಬಂತು.

“ಪ್ರತಿ ಶನಿವಾರ ನಾನೇ ಬಂದು ಕರ್ಕೊಂಡ್ ಬರ್ತೀನಿ. ರಾತ್ರಿ ಇಲ್ಲೇ ಇರು,” ಎಂದ ಪ್ರಮೋದ.

“ಅಯ್ಯೋ ಬೇಡ, ನಿಂಗ್ಯಾಕೆ ತೊಂದ್ರೆ? ಟ್ರೈನ್ ಇದೆಯಲ್ಲ.”

ಪ್ರಮೋದ ‘ಆಯ್ತು’ ಎನ್ನಹೊರಟವನು ತಡೆದುಕೊಂಡ. “ಅಮ್ಮಾ, ಇದು ಯಾವ ಬೇಡ?”

ಭಾನುಮತಿ ಸ್ವೆಟರಿನ ತೋಳಿನಿಂದ ಕಣ್ಣೊರೆಸಿಕೊಂಡರು.

“ಹತ್ತು ಗಂಟೆಗೆ ಬಾ,” ಎಂದರು.