ತೋಳು ಹಿಡಿದು ಮಾತಾಡುವ ಮೇಡಂ

ನಮ್ಮ ಪಿ.ಟಿ. ಮೇಡಂ ಅಂಗೈ ಬಲು ಒರಟು. ಮಾತಾಡುವಾಗ ಎದುರಿಗಿದ್ದವರ ತೋಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು ಅವರ ಅಭ್ಯಾಸ. ಹೆಡ್ ಮೇಡಮ್ಮನ್ನೂ ಬಿಡುತ್ತಿರಲಿಲ್ಲ. ಅದಕ್ಕೇ ನಾನು ಅವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ.

ನನ್ನ ಎರಡೂ ತೋಳಿನ ಮೇಲೆ ಪುಕ್ಕ ಕಿತ್ತ ಕೋಳಿಯ ಚರ್ಮದ ಹಾಗೆ ಸಣ್ಣ ಸಣ್ಣ ಗುಳ್ಳೆ. ದಿನಾ ಬೆಳಿಗ್ಗೆ ಹಿಮ್ಮಡಿ ತಿಕ್ಕುವ ಕಲ್ಲಿನಿಂದ ರಕ್ತ ಜಿನುಗುವವರೆಗೆ ತಿಕ್ಕಿಕೊಳ್ಳುತ್ತಿದ್ದೆ. ಕ್ಲಾಸಿನಲ್ಲೂ ಕೈ ಸುಮ್ಮನಿರುತ್ತಿರಲಿಲ್ಲ, ಕೆರೆದಿದ್ದೇ ಕೆರೆದಿದ್ದು.

ಭದ್ರಾವತಿಯ ನಮ್ಮ ಶಾಲೆಯ ಕಬಡ್ಡಿ ಟೀಮಿಗೆ ಸೇರಿದ ಮೇಲೆ ಬಚ್ಚಿಡಲು ಆಗಲಿಲ್ಲ. ನುಗ್ಗಿ ಬಂದವಳನ್ನು ಸುತ್ತುಗಟ್ಟಲು ಇಬ್ಬಿಬ್ಬರು ಕೈ ಹಿಡಿದು ನಿಲ್ಲಬೇಕು. ಪಕ್ಕದವಳು ನನ್ನ ಕೈ ಕೊಡವಿಬಿಟ್ಟಳು. "ಅಂಟುತ್ತೆ ಮೇಡಂ, ನಾನು ಹಿಡಿಯಲ್ಲ" ಅಂದಳು.

ಮರುದಿನವೇ ಮೇಡಂ ನನ್ನನ್ನೂ ಅಮ್ಮನನ್ನೂ ಬಸ್ಸು ಹತ್ತಿಸಿಕೊಂಡು ಶಿವಮೊಗ್ಗದ ಚರ್ಮದ ಡಾಕ್ಟರ ಹತ್ತಿರ ಹೋದರು. ಕೂದಲ ಬುಡದಲ್ಲಿ ಸತ್ತ ಚರ್ಮ ಕಟ್ಟಿಕೊಂಡು ಹೀಗಾಗುತ್ತದೆ, ಯಾರಿಗೂ ಅಂಟುವುದಿಲ್ಲ, ಇದರಿಂದ ಅಪಾಯವೂ ಇಲ್ಲ ಎಂದರು ಡಾಕ್ಟರು. ಪೂರ್ತಿ ಹೋಗುತ್ತದೆಂದು ಮಾತು ಕೊಡಲಿಲ್ಲ. ತಿಕ್ಕುವುದು ನಿಲ್ಲಿಸಬೇಕು, ಸ್ನಾನವಾದ ಕೂಡಲೇ ಮೈ ಇನ್ನೂ ಹಸಿಯಿರುವಾಗ ಮುಲಾಮು ಹಚ್ಚಬೇಕು, ಅಷ್ಟೇ.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಸಂಜೆ ಮೈದಾನದಲ್ಲಿ ಮೇಡಂ ನನ್ನ ತೋಳು ಎತ್ತಿ ಹಿಡಿದು, "ಬನ್ರೇ ಎಲ್ಲಾ, ಮುಟ್ಟಿ. ಏನಾಗುತ್ತೆ ನೋಡೇಬಿಡೋಣ" ಅಂದರು. ಹನ್ನೊಂದು ಹುಡುಗಿಯರು ಸಾಲಾಗಿ ಬಂದು ಮುಟ್ಟಿ ಹೋದರು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಒಂದು ವಾರ ನಾನು ಮೈದಾನದ ಕಡೆ ತಲೆ ಹಾಕಲಿಲ್ಲ.

ಎಂಟನೇ ದಿನ ಮೇಡಂ ಮನೆಗೇ ಬಂದರು. ಅಂದು ತೋಳು ಹಿಡಿಯಲಿಲ್ಲ. ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದರು. "ನಿನ್ನನ್ನ ಕೇಳದೆ ಹಾಗೆ ಮಾಡಬಾರದಿತ್ತು ಮಾರಾಯ್ತಿ. ನನ್ನದು ತಪ್ಪಾಯ್ತು" ಅಂದರು. ಮರುದಿನ ನಾನು ಆಡಲು ಹೋದೆ. ಪಕ್ಕದವಳು ತಾನಾಗಿಯೇ ಕೈ ಹಿಡಿದಳು.

ಗುಳ್ಳೆಗಳು ಈಗಲೂ ಇವೆ, ಚಳಿಗಾಲದಲ್ಲಿ ತುಸು ಜಾಸ್ತಿ. ಮುಲಾಮು ಹಚ್ಚಿ ನನ್ನ ಪಾಡಿಗೆ ನಾನಿರುತ್ತೇನೆ. ಮೇಡಂ ಮಾತ್ರ, ನಾನು ಶಾಲೆ ಮುಗಿಸಿ ವರ್ಷಗಳಾದ ಮೇಲೂ, ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸಿಕ್ಕಾಗಲೆಲ್ಲ, "ಆವತ್ತಿನ ಬೇಜಾರು ಹೋಯ್ತೇನೇ?" ಅಂತ ಕೇಳುತ್ತಿದ್ದರು. "ಯಾವ ಬೇಜಾರು ಮೇಡಂ?" ಅಂತ ನಾನು ನಕ್ಕು ಹಾರಿಸುತ್ತಿದ್ದೆ. ಅವರನ್ನು ಸತಾಯಿಸುವುದರಲ್ಲಿ ನನಗೊಂದು ಕೆಟ್ಟ ಖುಷಿಯಿತ್ತು.

ಹೋದ ತಿಂಗಳು ಮೇಡಂ ತೀರಿಕೊಂಡರು. ಸುದ್ದಿ ಕೇಳಿದಾಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಒಂದು ಮಗುವಿನೆದುರು ನಿಂತು ತಪ್ಪಾಯ್ತು ಅಂದ ದೊಡ್ಡವರನ್ನು ನಾನು ಬೇರೆ ಕಂಡಿಲ್ಲ. ಬೇಜಾರು ಹೋಗಿ ಯಾವ ಕಾಲವಾಯಿತು. ಅದೊಂದನ್ನು ಅವರಿಗೆ ಹೇಳಲೇ ಇಲ್ಲ.