ಅಕ್ಕನ ವೆಬ್‌ಸೈಟಿಗೆ ಕಾವಲು ಸಿಕ್ಕಿದ್ದು

ನನ್ನ ಅಕ್ಕ ಬೀಗ ರಿಪೇರಿ ಮಾಡುತ್ತಾಳೆ. ಬೀದಿಯವರಿಗೆಲ್ಲ ಅವಳು ಬೀಗದಕ್ಕ. ಮದುವೆಗೆ ಮುಂಚೆ ಬೀಗದ ಕಾರ್ಖಾನೆಯಲ್ಲಿ ಸ್ಪ್ರಿಂಗ್ ಕೂರಿಸುವ ಕೆಲಸಕ್ಕಿದ್ದಳು. ಕಾರ್ಖಾನೆ ಮುಚ್ಚಿದ ಮೇಲೆ ತಲೆ ಮೇಲೆ ಕೈಹೊತ್ತು ಕೂರದೆ, ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅಂಗಡಿ ಹಾಕಿದಳು. ಕೀ ಕೊರೆಯುವ ಯಂತ್ರ, ಒಂದು ಸ್ಟೂಲು, ಗೋಡೆ ತುಂಬ ಕೀಗಳು. ಎರಡನೆಯವರು ಒಳಗೆ ನಿಲ್ಲಬೇಕೆಂದರೆ ಉಸಿರು ಬಿಗಿಹಿಡಿಯಬೇಕು. ಕೈಚಳಕದವಳು, ನಾಲಿಗೆ ಮಾತ್ರ ಹರಿತ, ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಒಡಹುಟ್ಟಿದ ತಂಗಿ ನಾನು, ನನಗೂ ಅಂಗಡಿಯ ಕೀ ಕೊಟ್ಟಿರಲಿಲ್ಲ. ಅವಳು ಕೆಲಸದ ಮೇಲೆ ಹೊರಗೆ ಹೋಗಿದ್ದರೆ ನಾನು ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ಕಾಯಬೇಕು. ಊರಿಗೆಲ್ಲ ಕೀ ಮಾಡಿಕೊಡುವವಳು ನನಗೊಂದು ಮಾಡಿಕೊಡಬಾರದೇ ಎಂದು ಮೈಯೆಲ್ಲ ಉರಿಯುತ್ತಿತ್ತು.

ಅವಳದೊಂದು ವೆಬ್‌ಸೈಟ್ ಇತ್ತು. ಕೀ ಒಳಗೆ ಮರೆತು ಬಾಗಿಲು ಹಾಕಿಕೊಂಡವರು ಫೋನಿನಲ್ಲಿ ಹುಡುಕಿದರೆ ಅವಳ ನಂಬರು ಸಿಗುತ್ತಿತ್ತು. ಖಾಯಂ ಗಿರಾಕಿಗಳ ವಿಳಾಸ, ಯಾವ ಬಾಗಿಲಿಗೆ ಯಾವ ಬೀಗ, ಅದರ ಫೋಟೋ, ಎಲ್ಲ ಪಾಸ್‌ವರ್ಡಿನ ಹಿಂದೆ ಭದ್ರವಾಗಿದೆ ಎಂದು ನಾವು ನೆಮ್ಮದಿಯಾಗಿದ್ದೆವು. ಆ ವೆಬ್‌ಸೈಟನ್ನು ತಮ್ಮ ಯಂತ್ರಗಳಲ್ಲಿಟ್ಟು ನಡೆಸುತ್ತಿದ್ದ ಹೋಸ್ಟಿಂಗ್ ಕಂಪನಿಗೆ ಯಾವನೋ ಫೋನು ಮಾಡಿ, ನಾನು ಬೀಗದಕ್ಕನ ಗಂಡ, ಪಾಸ್‌ವರ್ಡ್ ಮರೆತುಹೋಗಿದೆ ಅಂದನಂತೆ. ಪುಣ್ಯಾತ್ಮರು ಕೊಟ್ಟೇಬಿಟ್ಟರು. ಅವನು ಅಕ್ಕನ ನಂಬರು ಅಳಿಸಿ ತನ್ನದು ಹಾಕಿಕೊಂಡ. ಅವಳಿಗೆ ಬರಬೇಕಾದ ಕರೆಗಳೆಲ್ಲ ಅವನಿಗೆ ಹೋದವು. ಬೀಗ ತೆಗೆಯಲು ಬಾರದ ಆ ಮಹಾಶಯ ಒಬ್ಬ ಅಜ್ಜಿಯ ಬಾಗಿಲನ್ನು ಹಾರೆಯಿಂದ ಮೀಟಿ ಹಾಳುಮಾಡಿದ. ಅಜ್ಜಿ ನೇರ ಅಂಗಡಿಗೇ ಬಂದು ಜಗಳ ತೆಗೆದಾಗ ವಿಷಯ ಬಯಲಾಯಿತು.

ಅಕ್ಕ ಬಚ್ಚಿಡಲಿಲ್ಲ. ಪ್ರತಿಯೊಬ್ಬ ಗಿರಾಕಿಗೂ ತಾನೇ ಫೋನು ಮಾಡಿ ನಡೆದದ್ದು ಹೇಳಿದಳು, ಬೀಗಗಳನ್ನು ತಾನೇ ಬದಲಾಯಿಸಿಕೊಟ್ಟಳು. ಹೆಚ್ಚಿನವರು ಉಳಿದರು. ಇನ್ನೊಂದು ಸಲ ಹೀಗಾದರೆ ಯಾರೂ ಉಳಿಯುವುದಿಲ್ಲ, ಅಂಗಡಿ ಮುಚ್ಚಬೇಕಾಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹೊಸ ಹೋಸ್ಟಿಂಗ್ ಕಂಪನಿ ಹುಡುಕಬೇಕಾಯಿತು. ದೊಡ್ಡ ಜಾಹೀರಾತು ಹಾಕಿದವರೇ ಒಳ್ಳೆಯವರು ಎಂದು ಭಾವ ತೀರ್ಪು ಕೊಟ್ಟರು. ಅಕ್ಕ ಅದನ್ನು ಕಿವಿ ಮೇಲೆ ಹಾಕಿಕೊಳ್ಳದೆ ಕೀಗೆ ಅರ ಉಜ್ಜುತ್ತಿದ್ದಳು. ಯಾವ ಬೀಗವನ್ನೇ ಆಗಲಿ, ಮಾರುವ ಮುಂಚೆ ತಾನೇ ಕಳ್ಳಿಯಾಗಿ ತೆರೆದು ನೋಡುವುದು ಅವಳ ಪದ್ಧತಿ. ಸುಲಭಕ್ಕೆ ತೆರೆದುಕೊಂಡರೆ ಅದು ಗುಜರಿಗೆ. ಕಂಪನಿಗಳಿಗೂ ಅದೇ ಪರೀಕ್ಷೆ ಅಂದಳು. ಮೂರು ಕಂಪನಿಗಳಲ್ಲಿ ಬರೀ ಒಂದು ಬೀಗದ ಚಿತ್ರವಿದ್ದ ಪುಟ ಇಟ್ಟಳು. ಮೊದಲು ತಾನೇ ಅದನ್ನು ಅಳಿಸಿ, ನಿನ್ನೆಯ ಪ್ರತಿ ವಾಪಸು ಹಾಕಿಕೊಡಿ ಎಂದು ಬರೆದಳು. ಮೂವರೂ ಹಾಕಿಕೊಟ್ಟರು. ಆಮೇಲೆ ನನ್ನ ಕಡೆ ತಿರುಗಿದಳು.

“ಈಗ ನೀನು ಫೋನ್ ಮಾಡಿ ಅಳು. ನಿಂಗದು ಚೆನ್ನಾಗಿ ಬರುತ್ತೆ.”

ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಫೋನು ಎತ್ತುವವಳು, ನರಳುವ ದನಿ ಎಷ್ಟು ಬಗೆಯದೋ ಅಷ್ಟೂ ಕೇಳಿದ್ದೇನೆ. ಸ್ಪೀಕರ್ ಹಾಕಿ ಶುರುಮಾಡಿದೆ: ಅಕ್ಕ ಆಸ್ಪತ್ರೆಯಲ್ಲಿದ್ದಾಳೆ, ಪಾಸ್‌ವರ್ಡ್ ಅವಳೊಬ್ಬಳಿಗೇ ಗೊತ್ತು, ದಯವಿಟ್ಟು ಕೊಡಿ. ಮೊದಲ ಕಂಪನಿಯವನು ಎರಡನೇ ಬಿಕ್ಕಿಗೇ ಕರಗಿ ನೀರಾಗಿ ಹೊಸ ಪಾಸ್‌ವರ್ಡ್ ಹೇಳಿದ. ಅಕ್ಕ ಕೈಬೀಸಿ ಅವನನ್ನು ಗುಜರಿಗೆ ಕಳಿಸಿದಳು. ಎರಡನೆಯ ಕಡೆ ಸಂಗೀತವೋ ಸಂಗೀತ, ಮನುಷ್ಯರ ಸುಳಿವಿಲ್ಲ. ನನ್ನ ಕಣ್ಣೀರು ದಂಡವಾಯಿತು.

ಮೂರನೆಯ ಕಡೆ ಒಬ್ಬ ಹೆಂಗಸು ಎತ್ತಿದಳು. ಪೂರ್ತಿ ಕೇಳಿಸಿಕೊಂಡು, ಅಕ್ಕ ಬೇಗ ಹುಷಾರಾಗಲಿ ಎಂದು ಹಾರೈಸಿ, ಪಾಸ್‌ವರ್ಡ್ ಮಾತ್ರ ಕೊಡಲಾಗುವುದಿಲ್ಲ ಅಂದಳು. ಅತ್ತು ಗೋಗರೆದೆ. ಕೊನೆಗೆ ನಾಟಕವೆಂಬುದೇ ಮರೆತು ನಿಜವಾಗಿಯೂ ಸಿಟ್ಟು ನೆತ್ತಿಗೇರಿತು. ಒಡಹುಟ್ಟಿದವಳನ್ನೇ ಕಳ್ಳಿಯ ಹಾಗೆ ನೋಡುತ್ತೀರಲ್ಲ ಎಂದು ಕೂಗಾಡಿದೆ. ಅದರಲ್ಲಿ ಅರ್ಧ ಪಕ್ಕದಲ್ಲಿ ಕೂತಿದ್ದವಳಿಗೇ ಅಂದದ್ದು. ಆ ಹೆಂಗಸಿನ ದನಿ ಮಾತ್ರ ಏರಲಿಲ್ಲ.

“ನೀವು ಅವರ ತಂಗಿ ಅಂತ ನಾನು ನಂಬ್ತೀನಮ್ಮ. ಆದ್ರೆ ಅವರು ನಿಮ್ಮ ಹೆಸರು ಹೇಳಿಲ್ಲ.”

ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಅವರು ಕೇಳಿದ ಪುರಾವೆಯೆಲ್ಲ ಕೊಟ್ಟು ತಾನು ಯಾರೆಂದು ಹೇಳಿದಳು, ಪರೀಕ್ಷೆ ಮಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ವೆಬ್‌ಸೈಟನ್ನು ನಿಮ್ಮಲ್ಲೇ ಇಡುತ್ತೇನೆ ಅಂದಳು. ಆ ಹೆಂಗಸು ನಕ್ಕು, ಹಾಗಾದರೆ ಒಂದು ವಿಷಯ ತಿಳಿಸಿಬಿಡಿ, ನಿಮಗೆ ನಿಜವಾಗಿಯೂ ಏನಾದರೂ ಆದರೆ ಯಾರಿಗೆ ತೆರೆಯಬೇಕು ಎಂದು ಕೇಳಿದಳು. ಯಾರಿಗೂ ಬೇಡ ಅಂದರೂ ಸರಿಯೇ ಎಂದೂ ಸೇರಿಸಿದಳು.

ನಾನು ಬೇಕೆಂದೇ ಗೋಡೆಯ ಕೀಗಳ ಕಡೆ ಮುಖ ತಿರುಗಿಸಿದೆ. ಯಾರಿಗೂ ಬೇಡ ಅನ್ನುತ್ತಾಳೆ ಎಂದು ಗೊತ್ತೇ ಇತ್ತು. ಅಕ್ಕ ನನ್ನ ಹೆಸರು ಹೇಳಿದಳು. ಶಾಲೆಯಲ್ಲಿ ಹಾಜರಿ ಕರೆಯುವ ಹಾಗೆ, ಪೂರ್ತಿ ಹೆಸರು. ಇವಳೊಬ್ಬಳಿಗೇ, ಗಂಡ ಅಂತ ಯಾರು ಫೋನು ಮಾಡಿದರೂ ಬೇಡ ಅಂದಳು.

ಫೋನಿಟ್ಟು, ಏನೂ ನಡೆದೇ ಇಲ್ಲವೆಂಬಂತೆ ತನ್ನ ಗೊಂಚಲಿನಿಂದ ಅಂಗಡಿಯ ಕೀ ಬಿಡಿಸಿ ಯಂತ್ರಕ್ಕೆ ಸಿಕ್ಕಿಸಿದಳು. ಹೊಸ ಕೀ ಇನ್ನೂ ಬಿಸಿಯಿರುವಾಗಲೇ ನನ್ನ ಅಂಗೈಗೆ ಹಾಕಿದಳು.

“ಕೇಳಿದ್ರೆ ಯಾವತ್ತೋ ಕೊಡ್ತಿದ್ದೆ,” ಅಂದಳು.

ಸುಳ್ಳಿ. ಎಷ್ಟು ಸಲ ಕೇಳಿದ್ದೆ.

ವೆಬ್‌ಸೈಟು ಆಮೇಲೆ ಒಂದು ದಿನವೂ ಮಲಗಿಲ್ಲ, ಬೇರೆಯವರಿಗೆ ತೆರೆದುಕೊಂಡೂ ಇಲ್ಲ. ಈಗ ನಾನು ಡಬ್ಬಿ ತೆಗೆದುಕೊಂಡು ಹೋದರೆ ಬಾಗಿಲು ತೆಗೆದು ಒಳಗೆ ಕೂರುತ್ತೇನೆ. ಇರುವುದೊಂದೇ ಸ್ಟೂಲು. ಅವಳು ಬಂದರೂ ಏಳುವುದಿಲ್ಲ.