ಪ್ಯಾಡ್ ಕೊಡದ ಬೀಗದಕ್ಕ

ಮೊದಲ ಬಸ್ಸು ಇನ್ನೂ ಎಂಜಿನ್ ಬಿಸಿ ಮಾಡಿಕೊಳ್ಳುತ್ತಿದೆ. ನಿಲ್ದಾಣದ ಮೂಲೆಯಲ್ಲಿ ಹೆಂಗಸರ ಶೌಚಾಲಯದ ಬೀಗ ಆಗಲೇ ತೆರೆದಿದೆ. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿ, ಉದ್ದ ಹಿಡಿಯ ಬ್ರಷ್ಷಿನಿಂದ ನೆಲ ತಿಕ್ಕುತ್ತಿರುವವರು ಬೀಗದಕ್ಕ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸದಾ ಸದ್ದು ಮಾಡುವುದರಿಂದ ಆ ಹೆಸರು. ಹದಿನೆಂಟು ವರ್ಷಗಳಿಂದ ಈ ಬಾಗಿಲಿಗೆ ಅವರೇ ಒಡತಿ, ಅವರೇ ಆಳು.

“ಮೂಗು ಮುಚ್ಕೊಂಡು ಒಳಗೆ ಬರೋರು ಮೂಗು ಬಿಟ್ಕೊಂಡು ಹೊರಗೆ ಹೋಗ್ಬೇಕು. ಅಷ್ಟೇ ನನ್ನ ಕೆಲಸ,” ಎನ್ನುತ್ತಾರೆ.

ಅಷ್ಟೇ ಅಲ್ಲ. ಬಾಗಿಲ ಪಕ್ಕ ಒಂದು ಕಾಲು ಕುಂಟುವ ಮೇಜಿದೆ. ಅದರ ಕೆಳಗಿನ ಖಾನೆಯಲ್ಲಿ ಕಾಗದ ಸುತ್ತಿ ಮಾರಲಿಟ್ಟ ಬಿಡಿ ಪ್ಯಾಡುಗಳು. ದಿನಕ್ಕೆ ಮುನ್ನೂರು ಹೆಂಗಸರು ಬರುವ ಜಾಗ ಇದು. ತಮ್ಮ ಗಂಟುಮೂಟೆಗಳನ್ನು ಬೀಗದಕ್ಕನ ಕಾಲ ಬಳಿ ಇಳಿಸಿ ಒಳಗೆ ಹೋಗುತ್ತಾರೆ. ಹೊರಗೆ ಬಂದ ಮೇಲೆ, ಮನೆಯಲ್ಲಿ ಯಾರಿಗೂ ಹೇಳದ ಇನ್ನೊಂದು ಗಂಟನ್ನೂ ಅಲ್ಲೇ ಬಿಚ್ಚುತ್ತಾರೆ.

ಮೊನ್ನೆ ಕಾಲೇಜು ಹುಡುಗಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು. “ಆಂಟಿ, ತಿಂಗಳ ನಡುವೆ ಬಿಳಿ ಹೋಗುತ್ತೆ. ನಂಗೇನೋ ದೊಡ್ಡ ಕಾಯಿಲೆ.”

“ಕೆಟ್ಟ ವಾಸನೆ ಇದ್ಯಾ? ತುರಿಕೆ? ರಕ್ತದ ಬಣ್ಣ?”

“ಇಲ್ಲ. ಮೊಟ್ಟೆಯ ಬಿಳಿ ಥರ. ಎರಡು ಮೂರು ದಿನ, ಅಷ್ಟೇ.”

“ಹಾಗಿದ್ರೆ ಮೈ ಅದರ ಕೆಲಸ ಅದು ಮಾಡ್ಕೊಳ್ತಿದೆ ಕಣಮ್ಮ. ನೀನು ನಿನ್ನ ಕೆಲಸ ನೋಡು, ಬಸ್ಸು ಹೊರಟಿತು.”

ಹುಡುಗಿ ಓಡಿದ ದಿಕ್ಕನ್ನೇ ನೋಡುತ್ತಾ ಬೀಗದಕ್ಕ ನಕ್ಕರು. “ನೋಡಿ, ಹೆದರಬೇಕಿಲ್ಲದವರು ನಿದ್ದೆ ಬಿಡ್ತಾರೆ. ಹೆದರಬೇಕಾದವರು ಗೊರಕೆ ಹೊಡೀತಾರೆ.”

ಈ ಮಾತಿನ ಹಿಂದೆ ಅವರ ಓರಗಿತ್ತಿ ಇದ್ದಾರೆ. ಒಂದೇ ಒಲೆಯಲ್ಲಿ ಅಡುಗೆ ಮಾಡಿದ ಇಬ್ಬರು ಸೊಸೆಯರಲ್ಲಿ ಹಿರಿಯವರು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ಕಾಣಿಸಿಕೊಂಡಾಗ, “ನಿನಗೆ ಹರೆಯ ಮರಳಿತು ಬಿಡು” ಎಂದು ಮನೆಯ ಹೆಂಗಸರೆಲ್ಲ ನಕ್ಕರು. ಓರಗಿತ್ತಿಯೂ ನಕ್ಕರು. ನೋವಿಲ್ಲವಲ್ಲ ಎಂದು ಸುಮ್ಮನಿದ್ದರು. ನೋವು ಬಂದಾಗ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಸುತ್ತಲಿನ ಜಾಗಕ್ಕೆಲ್ಲ ಹಬ್ಬಿತ್ತು, ಅವರು ಉಳಿಯಲಿಲ್ಲ.

“ನೋವು ಬರಲಿ ಅಂತ ಕಾಯ್ಕೊಂಡು ಕೂತ್ವಿ. ನೆಂಟರು ಬರ್ತಾರೆ ಅಂತ ಕಾಯೋ ಹಾಗೆ,” ಎನ್ನುವ ಬೀಗದಕ್ಕ ಬ್ರಷ್ಷನ್ನು ಗೋಡೆಗೆ ಒರಗಿಸುತ್ತಾರೆ.

ಆಗ ಓರಗಿತ್ತಿಯನ್ನು ನೋಡಿಕೊಂಡ ನರ್ಸಮ್ಮ, ನಿಲ್ದಾಣದ ಹಿಂದಿನ ಆಸ್ಪತ್ರೆಯವರು, ಈಗಲೂ ಇದೇ ನಿಲ್ದಾಣದಲ್ಲಿ ಬಸ್ಸಿಳಿಯುತ್ತಾರೆ. ಯಾವುದನ್ನು ಕಡೆಗಣಿಸಬಾರದೆಂದು ಕಲಿಸಿದವರು ಅವರೇ. ಮುಟ್ಟು ನಿಂತ ಮೇಲೆ ಒಂದು ಹನಿ ಕಂಡರೂ, ಎರಡು ಮುಟ್ಟಿನ ನಡುವೆ ಕಂಡರೂ, ಗಂಡನ ಜೊತೆ ಮಲಗಿದ ಮೇಲೆ ಕಂಡರೂ, ದುರ್ವಾಸನೆಯ ಸ್ರಾವ ಬಿಡದೆ ಕಾಡಿದರೂ ತೋರಿಸಬೇಕು. ಬಹಳ ಸಲ ಅದು ಕ್ಯಾನ್ಸರ್ ಆಗಿರುವುದಿಲ್ಲ. ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ಮನೆಯ ಹೆಂಗಸರಲ್ಲ. ಏನೂ ಕಾಣದಿದ್ದರೂ ಕೆಲವು ವರ್ಷಗಳಿಗೊಮ್ಮೆ ಗರ್ಭಕೋಶದ ಬಾಯಿಯ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆಡುಕು ಮೊದಲು ಸದ್ದಿಲ್ಲದೆ ಬರುತ್ತದೆ, ಆಗ ಹಿಡಿದರೆ ಸುಲಭದಲ್ಲಿ ಹೋಗುತ್ತದೆ. ಬೀಗದಕ್ಕ ತಪ್ಪದೆ ಮಾಡಿಸಿಕೊಳ್ಳುತ್ತಾರೆ.

“ತಲೆ ಬಾಚ್ಕೊಳ್ಳೋಷ್ಟು ಹೊತ್ತು, ಮುಗೀತು. ನಾಚಿಕೆ ನಮಗೆ, ಪರೀಕ್ಷೆ ಮಾಡೋರಿಗಲ್ಲ. ನಂಗೆ ಈ ಕಕ್ಕಸು ತೊಳೆಯೋದು ಹೇಗೋ ಅವರಿಗೆ ಅದೂ ಹಾಗೆ, ದಿನದ ಕೆಲಸ.”

ಹೀಗೆ ನಗಿಸುವ ಬೀಗದಕ್ಕನೇ ಒಂದು ಬೆಳಿಗ್ಗೆ ಜಗಳ ತೆಗೆದರು. ರಸ್ತೆಯಾಚೆಯ ಮಾರುಕಟ್ಟೆಯ ಎದುರು ಸಾಲಿನಲ್ಲಿ ಸೊಪ್ಪು ಮಾರುವ ಸೊಪ್ಪಿನಕ್ಕ ಇವರ ಹಳೆಯ ಗೆಳತಿ, ವಯಸ್ಸಿನಲ್ಲಿ ದೊಡ್ಡವರು. ವರ್ಷಗಳ ಹಿಂದೆ ಮುಟ್ಟು ನಿಂತಾಗ, “ಇನ್ನು ನಿನ್ನ ಅಂಗಡಿಗೆ ನನ್ನಿಂದ ವ್ಯಾಪಾರ ಇಲ್ಲ ಕಣೇ” ಎಂದು ಕೈಮುಗಿದು ಹೋದವರು. ಅಂಥವರು ಈಚೆಗೆ ಒಂದು ಪ್ಯಾಡ್ ಕೇಳಿದರು. ಸೊಸೆಗಂತೆ. ವಾರ ಕಳೆದು ಮತ್ತೆ ಕೇಳಿದರು.

“ಸೊಸೆ ತವರಿಗೆ ಹೋಗಿ ತಿಂಗಳಾಯ್ತಲ್ಲಕ್ಕಾ,” ಎಂದರು ಬೀಗದಕ್ಕ.

“ಸಾಕು ಕೊಡೇ. ಬಿಟ್ಟಿ ಕೇಳ್ತಿಲ್ಲ.”

“ನಿನಗೆ ಕೊಡಲ್ಲ. ಹಿಂದಿನ ಆಸ್ಪತ್ರೆಗೆ ನಡಿ, ನಾನೂ ಬರ್ತೀನಿ.”

“ಬಿಸಿಲೇರಿದ್ರೆ ಸೊಪ್ಪು ಬಾಡುತ್ತೆ.”

“ಸೊಪ್ಪು ಬಾಡಿದ್ರೆ ನೀರು ಚಿಮುಕಿಸಬಹುದು. ನೀನು ಬಾಡಿದ್ರೆ?”

“ಕಕ್ಕಸು ಕಾಯೋಳು ಡಾಕ್ಟರಾದ್ಲು,” ಎಂದು ಸಾಲಿಡೀ ಕೇಳುವಂತೆ ಹೇಳಿ ಸೊಪ್ಪಿನಕ್ಕ ಹೊರಟುಹೋದರು. ಆಮೇಲೆ ಅವಸರವಾದರೂ ಮಾರುಕಟ್ಟೆಯ ಆ ತುದಿಯ ಶೌಚಾಲಯಕ್ಕೇ ನಡೆಯುತ್ತಿದ್ದರು.

ಇಂಥ ಮಾತು ಬೀಗದಕ್ಕನಿಗೆ ಹೊಸದಲ್ಲ. ಅಳಿಯ ತನ್ನ ಕಡೆಯವರಿಗೆ “ಅತ್ತೆ ಬಸ್ ನಿಲ್ದಾಣದ ಆಫೀಸಲ್ಲಿದ್ದಾರೆ” ಎನ್ನುತ್ತಾನೆ. “ಸುಳ್ಳೇನಲ್ಲ, ಆಫೀಸಿನವರೂ ಇಲ್ಲಿಗೇ ಬರ್ಬೇಕು,” ಎಂದು ಇವರು ನಗುತ್ತಾರೆ. ಆದರೆ ಗೆಳತಿಯ ಮಾತಿಗೆ ನಗು ಬರಲಿಲ್ಲ. ಪ್ಯಾಡನ್ನು ಇನ್ನೆಲ್ಲಾದರೂ ಕೊಳ್ಳಬಹುದು. ಕೊಡದೆ ತಾನು ಕಳೆದುಕೊಂಡದ್ದು ಗೆಳತಿಯನ್ನು ಮಾತ್ರವೇ, ಅವಳನ್ನು ಆಸ್ಪತ್ರೆಯಿಂದಲೂ ದೂರ ತಳ್ಳಿದೆನೇ ಎಂದು ಒಳಗೊಳಗೇ ಬೆಂದರು. ಎದುರು ಸಾಲಿನ ಸೊಪ್ಪಿನ ರಾಶಿ ದಿನವೂ ಕಣ್ಣಿಗೆ ಬೀಳುತ್ತಿತ್ತು, ಅದರ ಹಿಂದಿನ ಮುಖ ಮಾತ್ರ ಇತ್ತ ತಿರುಗುತ್ತಿರಲಿಲ್ಲ.

ಕೊನೆಗೆ ಅವರೇ ರಸ್ತೆ ದಾಟಿದರು. ಬುದ್ಧಿ ಹೇಳಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಸೊಪ್ಪಿನ ಕಟ್ಟು ಕಟ್ಟತೊಡಗಿದರು. ಕಟ್ಟುಗಳು ಒಂದೊಂದಾಗಿ ರಾಶಿ ಸೇರಿದವು.

“ನಿನ್ನ ಓರಗಿತ್ತಿಗೂ ಹೀಗೇ ಶುರುವಾಗಿತ್ತಾ?” ಎಂದರು ಸೊಪ್ಪಿನಕ್ಕ, ತಲೆಯೆತ್ತದೆ.

“ಹೀಗೇ. ಆದ್ರೆ ಅವಳಿಗೆ ಪ್ಯಾಡ್ ಕೊಡಲ್ಲ ಅನ್ನೋರು ಯಾರೂ ಇರ್ಲಿಲ್ಲ.”

ಆ ದಿನ ಸೊಪ್ಪಿಗೆ ಒದ್ದೆ ಗೋಣಿ ಹೊದಿಸಿ ಇಬ್ಬರೂ ಹೋದರು. ಗರ್ಭಕೋಶದ ಬಾಯಿಯಲ್ಲಿ ಚಿಕ್ಕ ಗಂಟು ಸಿಕ್ಕಿತು. ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರೇ, ಆದರೆ ಆರಂಭದ್ದು, ಎಲ್ಲೂ ಹಬ್ಬಿಲ್ಲ ಎಂದು ತಿಳಿದುಬಂತು. ಶಸ್ತ್ರಚಿಕಿತ್ಸೆ ಆಯಿತು. ಮುಂದೆಯೂ ಆಗಾಗ ಬಂದು ತೋರಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದಾರೆ.

ಇವತ್ತು ಮೊದಲ ಬಸ್ಸು ಹೊರಡುವ ಹೊತ್ತಿಗೆ ಸೊಸೆಯ ತೋಳು ಹಿಡಿದು ಸೊಪ್ಪಿನಕ್ಕ ನಿಧಾನವಾಗಿ ಬರುತ್ತಾರೆ. ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಲು ಬಂದವರು, ದಾರಿಯಲ್ಲಿ ಇಲ್ಲಿ ನಿಂತಿದ್ದಾರೆ.

“ಆಪರೇಷನ್ ಆದ್ಮೇಲೆ ಕೆಲವು ವಾರ ಸ್ವಲ್ಪ ಕಾಣಿಸ್ಕೊಳ್ಳುತ್ತೆ, ಜಾಸ್ತಿಯಾದ್ರೆ ಕೂಡ್ಲೇ ಬಾ ಅಂದಿದ್ದಾರೆ,” ಎನ್ನುತ್ತಾರೆ. ಆಮೇಲೆ ಮೇಜಿನತ್ತ ನೋಡಿ, “ಈಗಲಾದ್ರೂ ಕೊಡ್ತೀಯೋ, ಆ ತುದಿಗೇ ಹೋಗ್ಲೋ?”

ಬೀಗದಕ್ಕ ಕೈ ಒರೆಸಿಕೊಂಡು ಬಗ್ಗುತ್ತಾರೆ. ಸೊಂಟದ ಬೀಗದ ಕೈಗಳು ಸದ್ದು ಮಾಡುತ್ತವೆ. ಕಾಗದ ಸುತ್ತಿದ ಒಂದನ್ನು ತೆಗೆದು, ಗೆಳತಿಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾವೇ ಮಡಿಸುತ್ತಾರೆ.

“ಡಾಕ್ಟರ ಅಪ್ಪಣೆ ಆಗಿದೆಯಲ್ಲ, ತಗೋ,” ಎನ್ನುತ್ತಾರೆ. “ಒಳಗೆ ನೆಲ ಇನ್ನೂ ಒದ್ದೆ. ಕೈ ಕೊಡು, ನಾನೇ ಕರ್ಕೊಂಡು ಹೋಗ್ತೀನಿ.”